ಬೂದಿಯ ಮೇಲಿನ ಚುಕ್ಕಿ ಯಾರದು?

ಮೂವತ್ತೈದು ವರ್ಷ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಬಿ.ಕಾಂ. ಚೆಕ್ಕು ಬಂದರೆ ಅದರ ಮೇಲಿನ ಸಹಿಯನ್ನು ಮಾದರಿ ಸಹಿಯ ಕಾರ್ಡಿನ ಪಕ್ಕದಲ್ಲಿಟ್ಟು ತಾಳೆ ನೋಡುವುದು ನನ್ನ ಕೆಲಸ. ಅನುಮಾನ ಬಂದರೆ ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆಯುತ್ತಿದ್ದೆ. ನಿವೃತ್ತನಾಗಿ ಗೋಕಾಕದ ಮನೆಗೆ ಬಂದಾಗ ಆ ಭೂತಗನ್ನಡಿಯೂ ನನ್ನ ಜೊತೆಗೆ ಬಂತು. ಬಹಳ ವರ್ಷ ಅದಕ್ಕೆ ಕೆಲಸವಿರಲಿಲ್ಲ. ಪಂಚಾಂಗದ ಸಣ್ಣ ಅಕ್ಷರ ಓದಲು ಮಾತ್ರ ಹೊರಗೆ ಬರುತ್ತಿತ್ತು.

ಅದಕ್ಕೆ ಮತ್ತೆ ಕೆಲಸ ಕೊಟ್ಟವಳು ಆರನೇ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು. ಒಂದು ಮಳೆಗಾಲದ ಕೊನೆಗೆ ಹಿತ್ತಲಿನ ಸವತಿ ಬಳ್ಳಿಯಿಂದ ಎಲೆಯೊಂದನ್ನು ಕಿತ್ತುಕೊಂಡು ಬಂದಳು.

“ಅಜ್ಜಾ, ಎಲಿ ಮ್ಯಾಲ ಯಾರೋ ಹಿಟ್ಟು ಉದುರಿಸ್ಯಾರ ನೋಡು.”

“ಹಿಟ್ಟಲ್ಲವ್ವಾ, ಬೂದಿ ರೋಗ ಅದು.”

“ಹಂಗಾದ್ರ ಈ ಹಿಟ್ಟಿನ ಮ್ಯಾಲ ಕಂದು ಚುಕ್ಕಿ ಯಾಕದಾವು? ಬೂದಿಗೂ ರೋಗ ಬಂದೈತೇನು?”

ನಾನು ನಕ್ಕುಬಿಟ್ಟೆ. ಧೂಳು ಕುಳಿತಿರಬೇಕು ಎಂದೆ. ಅವಳು ಬಿಡಲಿಲ್ಲ. ಊದಿದಳು, ಚುಕ್ಕಿ ಹಾರಲಿಲ್ಲ. ಭೂತಗನ್ನಡಿ ತಂದು ನೋಡಿದೆವು. ಅಚ್ಚ ಬಿಳಿಯಾಗಿರಬೇಕಾದ ಬೂದಿ ಅಲ್ಲಲ್ಲಿ ಮಂಕಾಗಿ ತಗ್ಗಿತ್ತು. ಅದರೊಳಗೆ ಜೇನಿನ ಬಣ್ಣದ, ಸೂಜಿಮೊನೆಗಿಂತ ಸಣ್ಣ ಕಣಗಳಿದ್ದವು. ಮೊಮ್ಮಗಳು ತಮಾಷೆಗೆ ಕೇಳಿದ ಪ್ರಶ್ನೆಯಲ್ಲೇ ಉತ್ತರವಿತ್ತು. ಹೌದು, ಬೂದಿಗೂ ರೋಗ ಬರುತ್ತದೆ.

ಮಕ್ಕಳೇ, ಬೂದಿ ರೋಗವೆಂದರೆ ಒಂದು ಶಿಲೀಂಧ್ರ. ಅಣಬೆ, ರೊಟ್ಟಿಯ ಮೇಲೆ ಬರುವ ಬೂಸ್ಟು, ಗೋವಿನಜೋಳದ ಎಲೆಯ ಮೇಲಿನ ತುಕ್ಕು, ದೋಸೆ ಹಿಟ್ಟಿನಲ್ಲೂ ಇರುವ ಯೀಸ್ಟು ಎಲ್ಲವೂ ಅದೇ ಬಳಗ. ಇವಕ್ಕೆ ಗಿಡಗಳಂತೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಸತ್ತದ್ದನ್ನೋ ಬದುಕಿರುವುದನ್ನೋ ತಿಂದೇ ಬಾಳಬೇಕು. ಬೂದಿ ಶಿಲೀಂಧ್ರ ನೂಲಿಗಿಂತ ತೆಳ್ಳಗಿನ ಎಳೆಗಳನ್ನು ಎಲೆಯ ಮೇಲೆ ಹರಡಿ, ಎಲೆಯ ಕೋಶಗಳಿಗೆ ಸಣ್ಣ ಹೀರುಗೊಳವೆ ಇಳಿಸಿ ರಸ ಕುಡಿಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಹಿಟ್ಟು ಅದರ ಎಳೆಗಳು ಮತ್ತು ಬೀಜಕಣಗಳು.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವವರು ಶಿಲೀಂಧ್ರಗಳಲ್ಲೂ ಇದ್ದಾರೆ. ಎಲೆಯನ್ನು ಹೀರುವ ಬೂದಿಯ ಎಳೆಯೊಳಕ್ಕೇ ನುಗ್ಗಿ ಅದನ್ನು ಹೀರುವ ಇನ್ನೊಂದು ಶಿಲೀಂಧ್ರವಿದೆ. ಅದರ ಹೆಸರು ಆಂಪೆಲೊಮೈಸಿಸ್ ಕ್ವಿಸ್ಕ್ವಾಲಿಸ್. ಇಟಲಿಯ ಚೆಸಾಟಿ ಎಂಬ ವಿದ್ವಾಂಸರು 1852ರಲ್ಲಿ ಇಟ್ಟ ಹೆಸರಿದು. ನಾವು ಕಂಡ ಜೇನುಬಣ್ಣದ ಕಣಗಳು ಅದರ ಬೀಜಕಣದ ಚೀಲಗಳು. ಒಂದೊಂದು ಚೀಲದ ಉದ್ದ ನಮ್ಮ ತಲೆಗೂದಲಿನ ದಪ್ಪದಷ್ಟು. ಹೊಸದಾಗಿ ಹೊಕ್ಕ ಒಂದು ವಾರ, ಹತ್ತು ದಿನದೊಳಗೆ ಚೀಲಗಳು ತಯಾರಾಗುತ್ತವೆ. ಗಾಳಿಯಲ್ಲಿ ತೇವವಿದ್ದರೆ ಅದಕ್ಕೆ ಸುಗ್ಗಿ. ಬೂದಿಯ ಹರಡುವ ಶಕ್ತಿ ಕುಂದುತ್ತದೆ.

ಇದನ್ನೆಲ್ಲ ಹೇಳಿಕೊಟ್ಟವಳು ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಓದುವ ನಮ್ಮ ನೆರೆಮನೆಯ ಹುಡುಗಿ. ರಜೆಗೆ ಬಂದಾಗ ತನ್ನ ಸಣ್ಣ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಿಟ್ಟು ಆ ಕಣಗಳನ್ನು ಇಳಿಸಿದಳು. ಸ್ವಲ್ಪ ಹೊತ್ತಿಗೆ ಚೀಲ ನೀರು ಕುಡಿದು ಒಡೆಯಿತು. ಒತ್ತಿದ ಒರಳಿನಿಂದ ಶಾವಿಗೆ ಇಳಿಯುವ ಹಾಗೆ ಸಾವಿರಾರು ಬಣ್ಣವಿಲ್ಲದ ಬೀಜಕಣಗಳು ಸಾಲಾಗಿ ಹೊರಬಂದವು. ಮೊಮ್ಮಗಳು ಕಣ್ಣು ತೆಗೆಯಲೇ ಒಲ್ಲೆನೆಂದಳು. ನಾನೂ ಸರದಿಗೆ ಕಾದು ಕಾದು ನೋಡಿದೆ.

ಅಷ್ಟಕ್ಕೇ ನಾನು ಪಂಡಿತನಾದೆ ಎಂದುಕೊಂಡದ್ದು ನನ್ನ ತಪ್ಪು. ಆ ತಪ್ಪಿನ ಕಥೆ ಹೇಳಲಿಕ್ಕೇ ಈ ಲೇಖನ ಬರೆಯಲು ಕುಳಿತದ್ದು.

ಹುಕ್ಕೇರಿಯ ಕಡೆ ನನ್ನ ತಂಗಿಯ ಮನೆ. ಅವಳ ಮಗ ಒಂದು ಎಕರೆಯಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುತ್ತಾನೆ. ಜನವರಿಯ ಚಳಿಯಲ್ಲಿ ಸಂಕ್ರಮಣದ ಊಟಕ್ಕೆ ಹೋದಾಗ ತೋಟ ತೋರಿಸಿದ. ಎಲೆಗಳ ತಳಭಾಗದಲ್ಲಿ ಬಿಳಿ ಬೂದಿ. ಆ ಬೂದಿಯ ನಡುವೆ ಹಳದಿ, ಕಂದು, ಕಪ್ಪು ಚುಕ್ಕಿಗಳು.

“ಮಾಮಾ, ನೀರಾಗ ಕರಗೋ ಗಂಧಕ ತಂದೇನಿ. ನಾಳೆ ಹೊಡೀಬೇಕಂತ ಮಾಡೇನ್ರಿ.”

ನಾನು ಜೇಬಿನಿಂದ ಭೂತಗನ್ನಡಿ ತೆಗೆದೆ. ಒಮ್ಮೆ ನೋಡಿದೆ. “ಬ್ಯಾಡೋ ತಮ್ಮಾ, ಹೊಡೀಬ್ಯಾಡ. ಈ ಚುಕ್ಕಿ ಬೂದಿಯನ್ನ ತಿನ್ನೋ ಶಿಲೀಂಧ್ರ. ನಿನ್ನ ಕೆಲಸಾನ ಅದು ಪುಕ್ಕಟೆ ಮಾಡಾಕತ್ತೈತಿ. ಹಂಗ ಬಿಡು” ಎಂದೆ. ಹಿರಿಯ ಮಾಮಾ, ಬ್ಯಾಂಕಿನಲ್ಲಿದ್ದವರು, ಭೂತಗನ್ನಡಿ ಹಿಡಿದು ಹೇಳಿದ್ದಾರೆ ಎಂದು ಅವನು ನಂಬಿದ. ಗಂಧಕದ ಪೊಟ್ಟಣ ಮಾಡದಲ್ಲೇ ಉಳಿಯಿತು.

ಹದಿನೈದು ದಿನದಲ್ಲಿ ಬೂದಿ ತೋಟದ ಅರ್ಧಕ್ಕೆ ಹಬ್ಬಿತು. ಎಲೆ ಹಳದಿಯಾಗಿ ಒರಟಾಯಿತು. ಅಷ್ಟರಲ್ಲಿ ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ರೇಷ್ಮೆ ಹುಳು ಪೊರೆ ಕಳಚಲು ಮೇವು ಬಿಟ್ಟು ಸುಮ್ಮನಿರುವುದಕ್ಕೆ ರೈತರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಸಿದ ಪೈಲವಾನನಂತೆ. ಹುಟ್ಟಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಬಹುಪಾಲನ್ನು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ರೋಗದ ಎಲೆ ಹಾಕುವಂತಿಲ್ಲ. ಅವನು ರಾತ್ರಿಯಲ್ಲಿ ಊರೂರು ತಿರುಗಿ ಸೊಪ್ಪು ಕೊಂಡು ತಂದ. ಸಾಲಲಿಲ್ಲ. ಅರ್ಧ ಹುಳುಗಳು ಚಂದ್ರಿಕೆಗೆ ಏರುವ ಮೊದಲೇ ಸೊರಗಿದವು. ಉಳಿದವು ಕಟ್ಟಿದ ಗೂಡು ತೆಳ್ಳಗಾಯಿತು. ಆ ಬೆಳೆಯ ದುಡ್ಡಿನಲ್ಲಿ ಮಗಳ ಕಾಲೇಜಿನ ಫೀ ಕಟ್ಟಬೇಕೆಂದಿದ್ದ. ತಂಗಿ ನನಗೆ ಫೋನಿನಲ್ಲಿ ಏನೂ ಅನ್ನಲಿಲ್ಲ. “ಇರಲಿ ಬಿಡಣ್ಣಾ, ನಿನಗರ ಏನ್ ಗೊತ್ತು” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಫೀ ನಾನೇ ಕಟ್ಟಿದೆ. ಆದರೆ ಸೊರಗಿದ ಹುಳುಗಳಿಗೆ ಏನು ಕಟ್ಟಿಕೊಡಲಿ?

ಅವನು ಬಸ್ಸಿನಲ್ಲಿ ಕಳಿಸಿದ ಎಲೆಗಳನ್ನು ನೆರೆಮನೆಯ ಹುಡುಗಿಗೆ ತೋರಿಸಿದೆ. ಅವಳು ನೋಡಿದ ಕೂಡಲೇ, “ಅಜ್ಜಾರ, ಇದು ಆಂಪೆಲೊಮೈಸಿಸ್ ಅಲ್ಲರಿ. ಈ ಚುಕ್ಕಿ ಬೂದಿಯ ಸ್ವಂತ ಮಕ್ಕಳು” ಎಂದಳು.

ಹಿಪ್ಪುನೇರಳೆಗೆ ಬರುವ ಬೂದಿಯ ಹೆಸರು ಫಿಲ್ಲಾಕ್ಟೀನಿಯಾ. ಚಳಿಗಾಲದಲ್ಲಿ ಅದು ಮುಂದಿನ ದಿನಗಳಿಗೆಂದು ಗಟ್ಟಿ ಕವಚದ ಬೀಜದುಂಡೆಗಳನ್ನು ಕಟ್ಟಿಡುತ್ತದೆ. ಎಳೆಯದಿದ್ದಾಗ ಹಳದಿ, ಬಲಿಯುತ್ತ ಕಂದು, ಕೊನೆಗೆ ಕಪ್ಪು. ರೋಗ ಸಾಯುತ್ತಿದೆ ಎಂದು ನಾನು ಹೇಳಿದ ದಿನ ಅದು ನಿಜವಾಗಿ ತನ್ನ ಸಂಸಾರ ಬೆಳೆಸುತ್ತಿತ್ತು. ಚೆಕ್ಕಿನ ಮೇಲೆ ಸಹಿಯಿದೆ ಎಂಬುದನ್ನಷ್ಟೇ ನೋಡಿ, ಕಾರ್ಡು ತೆಗೆಯದೆ ದುಡ್ಡು ಎಣಿಸಿಕೊಟ್ಟ ಗುಮಾಸ್ತನ ಕೆಲಸ ಮಾಡಿದ್ದೆ ನಾನು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅವಳು ತೋರಿಸಿದ ಗುರುತುಗಳನ್ನು ನನ್ನ ವಹಿಯಲ್ಲಿ ಬರೆದುಕೊಂಡಿದ್ದೇನೆ. ನಿಮಗೂ ಉಪಯೋಗವಾದೀತು.

ಮೊದಲನೆಯದು ಗಾತ್ರ. ಫಿಲ್ಲಾಕ್ಟೀನಿಯಾದ ಉಂಡೆ ದೊಡ್ಡದು, ಅಡ್ಡಳತೆ ಸುಮಾರು ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಚುರುಕು ಕಣ್ಣಿಗೆ ಭೂತಗನ್ನಡಿಯಿಲ್ಲದೆಯೂ ಕಾಣುತ್ತದೆ. ಆಂಪೆಲೊಮೈಸಿಸ್ ಚೀಲ ಅದರ ಅರ್ಧದಷ್ಟೂ ಇರುವುದಿಲ್ಲ.

ಎರಡನೆಯದು ಆಕಾರ. ಬೂದಿಯ ಉಂಡೆ ಗೋಲಿಯಂತೆ ದುಂಡಗೆ. ಅದರ ಸುತ್ತ ಬುಡದಲ್ಲಿ ಗುಳ್ಳೆಯಿರುವ ನೆಟ್ಟಗಿನ ಮುಳ್ಳುಗಳು. ಆಂಪೆಲೊಮೈಸಿಸ್ ಚೀಲಕ್ಕೆ ಮುಳ್ಳಿಲ್ಲ. ಬೂದಿಯ ಎಳೆಯೊಳಗೇ ಬೆಳೆಯುವುದರಿಂದ ಹೆಬ್ಬಾವು ಏನನ್ನೋ ನುಂಗಿದಂತೆ ಆ ಎಳೆ ಉಬ್ಬಿರುತ್ತದೆ. ಕೆಲವು ಪೇರಲಹಣ್ಣಿನಂತೆ, ಕೆಲವು ಕದಿರಿನಂತೆ.

ಮೂರನೆಯದು ನೀರಿನ ಪರೀಕ್ಷೆ. ಬಲಿತ ಆಂಪೆಲೊಮೈಸಿಸ್ ಚೀಲ ನೀರಿನಲ್ಲಿ ತಾನಾಗಿ ಶಾವಿಗೆ ಬಿಡುತ್ತದೆ. ಬೂದಿಯ ಉಂಡೆ ಸುಮ್ಮನೆ ಕುಳಿತಿರುತ್ತದೆ. ಒತ್ತಿ ಒಡೆದರೆ ಒಳಗಿನಿಂದ ಸಣ್ಣ ಸಂಚಿಗಳು, ಸಂಚಿಯೊಳಗೆ ಬೀಜಕಣಗಳು ಕಾಣುತ್ತವೆ.

ನನ್ನ ಮುಖ ಸಣ್ಣದಾದದ್ದನ್ನು ನೋಡಿ ಹುಡುಗಿ ಇನ್ನೊಂದು ಮಾತು ಹೇಳಿದಳು. ನೂರೈವತ್ತು ವರ್ಷಗಳ ಹಿಂದೆ ಯುರೋಪಿನ ಕೆಲವು ದೊಡ್ಡ ವಿದ್ವಾಂಸರು ಇದೇ ಚುಕ್ಕಿಯಲ್ಲಿ ಎಡವಿದ್ದರಂತೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಆಂಪೆಲೊಮೈಸಿಸ್‌ನ ಚೀಲಗಳನ್ನು ಅವರು ಬೂದಿಯದೇ ಅಂಗವೆಂದು ತಿಳಿದಿದ್ದರು. ಅದು ಬೇರೆಯೇ ಜೀವಿ, ಬೂದಿಯನ್ನು ತಿಂದು ಬದುಕುವ ಪರಾವಲಂಬಿ ಎಂದು ಜರ್ಮನಿಯ ಆಂಟನ್ ಡಿ ಬಾರಿ ಅವರು 1870ರಲ್ಲಿ ಎಳೆ ಎಳೆಯಾಗಿ ತೋರಿಸಿಕೊಟ್ಟರು. ಅವರು ಅತಿಥಿಯನ್ನು ಮನೆಯ ಮಗ ಎಂದರು, ನಾನು ಮನೆಯ ಮಗನನ್ನು ಅತಿಥಿ ಎಂದೆ. ವ್ಯತ್ಯಾಸವೆಂದರೆ ಅವರ ತಪ್ಪಿನಿಂದ ಯಾರ ಹುಳುವೂ ಉಪವಾಸ ಬೀಳಲಿಲ್ಲ.

ಆ ದಿನದಿಂದ ನನ್ನ ವಹಿಯಲ್ಲಿ ಹೊಸ ಪುಟವೊಂದು ಶುರುವಾಯಿತು. ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಎಂದಿರುತ್ತದೆ. ಯಾರ ಲೆಕ್ಕಕ್ಕೆ ಸೇರಬೇಕೆಂದು ತಿಳಿಯದ ಹಣವನ್ನು ತೋಚಿದವರ ಖಾತೆಗೆ ಹಾಕುವುದಿಲ್ಲ. ಸಸ್ಪೆನ್ಸ್ ಖಾತೆಯಲ್ಲಿಟ್ಟು ದಾಖಲೆ ಸಿಕ್ಕ ಮೇಲೆ ಸರಿಯಾದ ಖಾತೆಗೆ ವರ್ಗಾಯಿಸುತ್ತಾರೆ. ನನ್ನ ವಹಿಯ ಸಸ್ಪೆನ್ಸ್ ಪುಟದಲ್ಲಿ ದಿನಾಂಕ, ಊರು, ಗಿಡ, ರೋಗ, ಅದರ ಮೇಲೆ ಕಂಡದ್ದು ಇಷ್ಟನ್ನೇ ಬರೆಯುತ್ತೇನೆ. ಹೆಸರಿನ ಕಾಲಂ ಖಾಲಿ. ಪರೀಕ್ಷೆ ಮುಗಿಯುವವರೆಗೆ ಯಾರಿಗೂ ಸಲಹೆ ಕೊಡುವುದಿಲ್ಲ.

ಹುಡುಕತೊಡಗಿದ ಮೇಲೆ ಇಂಥ ಚಾಪೆ–ರಂಗೋಲಿಯ ಆಟ ಎಷ್ಟು ಕಡೆ ನಡೆದಿದೆ ಎಂದು ತಿಳಿಯಿತು. ನಮ್ಮ ಸೀಮೆಯ ಕೃಷಿ ಅಂಗಡಿಗಳಲ್ಲಿ ಟ್ರೈಕೋಡರ್ಮಾ ಎಂಬ ಪೊಟ್ಟಣ ಸಿಗುತ್ತದೆ. ಅದೂ ಶಿಲೀಂಧ್ರವೇ, ಹಸಿರು ಬೂಸ್ಟಿನ ಪುಡಿ. ರೈತರು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಶೇಂಗಾ, ಅರಿಸಿನದ ಹೊಲಕ್ಕೆ ಹಾಕುತ್ತಾರೆ. ಶೇಂಗಾದ ಬುಡ ಕೊಳೆಸುವ ಶಿಲೀಂಧ್ರ ಸಿಕ್ಕಿದರೆ ಟ್ರೈಕೋಡರ್ಮಾದ ಎಳೆ ಕಂಬಕ್ಕೆ ಹಬ್ಬಿದ ಬಳ್ಳಿಯಂತೆ ಅದನ್ನು ಸುತ್ತಿಕೊಂಡು ಗೋಡೆ ಕರಗಿಸಿ ತಿನ್ನುತ್ತದೆ. ಮಣ್ಣಿನ ಬೇರೆ ಶಿಲೀಂಧ್ರಗಳನ್ನು ಅದು ಹೀಗೆ ತಿನ್ನುತ್ತದೆಂದು ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲಿ ಬರೆದರು. ಈ ಪುಡಿ ಹಾಕಿದ ಹೊಲಕ್ಕೆ ಕಾರ್ಬೆಂಡಜಿಂನಂಥ ಶಿಲೀಂಧ್ರನಾಶಕ ಸುರಿದರೆ ಕಳ್ಳನ ಜೊತೆ ಪೊಲೀಸನೂ ಸಾಯುತ್ತಾನೆ. ಇನ್ನೊಂದು ಸೋಜಿಗ ಕೇಳಿ. ಇದೇ ಟ್ರೈಕೋಡರ್ಮಾ ಅಣಬೆ ಬೆಳೆಯುವವರ ಚೀಲಕ್ಕೆ ನುಗ್ಗಿದರೆ ಅವರ ಬೆಳೆಯನ್ನೇ ಹಸಿರು ಮಾಡಿ ಹಾಳು ಮಾಡುತ್ತದೆ. ಅಣಬೆಯೂ ಶಿಲೀಂಧ್ರವಲ್ಲವೇ? ಬೂಸ್ಟಿನಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಯಾರ ಮನೆಗೆ ಬಂದಿದೆ ಎಂಬುದರ ಮೇಲೆ ಹೋಗುತ್ತದೆ.

ನಮ್ಮ ರಾಜ್ಯದ ಕಾಫಿ ಸೀಮೆಗೂ ಈ ಆಟ ಹೊಸದಲ್ಲ. ಕಾಫಿ ಎಲೆಯ ತುಕ್ಕು ರೋಗಕ್ಕೆ 1869ರಲ್ಲಿ ಸಿಂಹಳದ ಮಾದರಿಗಳನ್ನು ನೋಡಿ ಹೆಸರಿಟ್ಟರು. ಆ ರೋಗ ಅಲ್ಲಿಯ ಕಾಫಿ ತೋಟಗಳನ್ನೇ ಮುಗಿಸಿ ಚಹಾಕ್ಕೆ ದಾರಿ ಮಾಡಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಹೆಣಗಿದ ದೊಡ್ಡ ಶತ್ರುಗಳಲ್ಲಿ ಈ ತುಕ್ಕೂ ಒಂದು. ಆ ಕಿತ್ತಳೆ ತುಕ್ಕಿನ ಮೇಲೆ ಹತ್ತಿಯಂತೆ ಬೆಳೆದು ಅದನ್ನು ತಿನ್ನುವ ಬಿಳಿ ಶಿಲೀಂಧ್ರ ಲೆಕಾನಿಸಿಲಿಯಂ ಲೆಕಾನಿ. ಅದು ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನೂ ತಿನ್ನುತ್ತದೆ. ಸತ್ತ ಕೀಟದ ಸುತ್ತ ದೇವರ ಪಟದಲ್ಲಿ ತಲೆಯ ಹಿಂದಿರುವ ಪ್ರಭಾವಳಿಯಂತೆ ಬಿಳಿ ಉಂಗುರ ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ಮೂಡಲಗಿಯ ಹತ್ತಿರದ ಬೀಗರ ಹೊಲಕ್ಕೆ ಹೋಗಿದ್ದೆವು. ಗೋವಿನಜೋಳ ತೆನೆ ಹಿರಿದಿತ್ತು. ಎಲೆಗಳ ಮೇಲೆ ತುಕ್ಕು ರೋಗದ ಗುಳ್ಳೆಗಳೆದ್ದು ಕಂದು ಪುಡಿ ಉದುರುತ್ತಿತ್ತು. ಮೊಮ್ಮಗಳು ಒಂದು ಎಲೆಯ ಹತ್ತಿರ ನಿಂತೇಬಿಟ್ಟಳು.

“ಅಜ್ಜಾ, ತುಕ್ಕಿನೊಳಗ ಕರಿ ಕಾಳು. ಸಾಸಿವಿ ಮರಿ ಇದ್ದಂಗ ಅದಾವು.”

ಅವಳೇ ಮುಂದುವರಿಸಿ, “ಹೆಸರು ಹೇಳಬ್ಯಾಡ ಅಜ್ಜಾ. ಮೊದಲ ಸಸ್ಪೆನ್ಸ್ ಖಾತೆಗೆ ಹಾಕು” ಎಂದಳು. ಬೀಗರು ನಕ್ಕರು. ನನಗೆ ನಗು ಬರಲಿಲ್ಲ, ಸಂತೋಷವಾಯಿತು.

ಇಲ್ಲಿಯೂ ಅದೇ ಪೇಚು. ಬೆಳೆ ಮಾಗುವ ಹೊತ್ತಿಗೆ ತುಕ್ಕು ರೋಗ ತಾನೇ ಕಪ್ಪು ಬೀಜಕಣಗಳನ್ನು ಕಟ್ಟುತ್ತದೆ. ಆಗ ಗುಳ್ಳೆಗೆ ಗುಳ್ಳೆಯೇ ಕಪ್ಪಾಗುತ್ತದೆ. ಆದರೆ ತುಕ್ಕಿನ ಬಣ್ಣ ಹಾಗೆಯೇ ಇದ್ದು ಅದರ ನಡುವೆ ಬಿಡಿಬಿಡಿಯಾಗಿ ಮಿರುಗುವ ಕಪ್ಪು ಕಾಳುಗಳಿದ್ದರೆ ಅವು ಹೊರಗಿನವರದ್ದಾಗಿರಬಹುದು. ತುಕ್ಕನ್ನು ತಿನ್ನುವ ಆ ಶಿಲೀಂಧ್ರಕ್ಕೆ ಸ್ಫೆರೆಲ್ಲಾಪ್ಸಿಸ್ ಫೈಲಮ್ ಎಂದು ಹೆಸರು. ಹಳೆಯ ಪುಸ್ತಕಗಳಲ್ಲಿ ಡಾರ್ಲುಕಾ. ಜಗತ್ತಿನಲ್ಲಿ 300ಕ್ಕೂ ಹೆಚ್ಚು ಬಗೆಯ ತುಕ್ಕುಗಳ ಮೇಲೆ ಇದನ್ನು ಕಂಡಿದ್ದಾರೆ.

ಎಲೆಯನ್ನು ವೃತ್ತಪತ್ರಿಕೆಯ ನಡುವೆ ಇಟ್ಟು ಗೋಕಾಕಕ್ಕೆ ತಂದೆವು. ನೆರೆಮನೆಯ ಹುಡುಗಿ ದೀಪಾವಳಿಗೆ ಬರುವವರೆಗೆ ಆ ಕಾಲಂ ಖಾಲಿಯೇ ಇತ್ತು. ಅವಳು ಕಾಳೊಂದನ್ನು ನೀರಿನ ಹನಿಯಲ್ಲಿ ಒಡೆದಳು. ಈ ಸಲ ಮೊದಲು ನಾನೇ ನೋಡಿದೆ. ಕದಿರಿನಾಕಾರದ ಬೀಜಕಣ, ನಡುವೆ ಒಂದು ಅಡ್ಡಗೋಡೆ, ಅಂದರೆ ಎರಡು ಕೋಣೆ. ಎರಡೂ ತುದಿಗೆ ಅಂಟಿನ ಸಣ್ಣ ಟೊಪ್ಪಿಗೆ. ಡಾರ್ಲುಕಾದ ಮಾದರಿ ಸಹಿ ಅದೇ. ಮೊಮ್ಮಗಳು ಸಸ್ಪೆನ್ಸ್ ಪುಟದಲ್ಲಿ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಹೆಸರು ಬರೆದು ವರ್ಗಾಯಿಸಿದಳು. ಆ ಪುಟದಲ್ಲಿ ಇನ್ನೂ ಹನ್ನೊಂದು ನಮೂದುಗಳು ಖಾಲಿ ಇವೆ. ಇರಲಿ, ಅವಸರವಿಲ್ಲ.

ನೀವೂ ನೋಡಬೇಕೆಂದರೆ ದೊಡ್ಡ ಖರ್ಚಿಲ್ಲ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಸಾಕು. ಬೂದಿಯೋ ತುಕ್ಕೋ ಇರುವ ಎಲೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಬಣ್ಣ ಬದಲಾದ ಜಾಗ ಹುಡುಕಿ. ಪಾರದರ್ಶಕ ಅಂಟುಪಟ್ಟಿಯನ್ನು ಮೆಲ್ಲಗೆ ಅದರ ಮೇಲೆ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸಿದರೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಔಷಧಿ ಹೊಡೆದ ಹೊಲದ ಎಲೆ ಮುಟ್ಟಬೇಡಿ. ಬೂಸ್ಟನ್ನು ಮೂಸಬೇಡಿ, ದಮ್ಮು ಇರುವವರು ದೂರವೇ ಇರಿ. ನೋಡಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ. ಹೆಸರು ತಿಳಿಯದಿದ್ದರೆ ಖಾಲಿ ಬಿಡಿ. ಖಾಲಿ ಬಿಟ್ಟ ಕಾಲಂ ಯಾರ ಬೆಳೆಯನ್ನೂ ಕೆಡಿಸುವುದಿಲ್ಲ.

ಹುಕ್ಕೇರಿಯ ಅಳಿಯ ಈಗ ಚಳಿಗಾಲ ಬರುತ್ತಲೇ ಎಲೆಯ ತಳ ತಿರುವಿ ನೋಡುತ್ತಾನೆ. ಬೂದಿ ಕಂಡ ಕೂಡಲೇ ಇಲಾಖೆಯವರು ಹೇಳಿದ ಅಳತೆಯಲ್ಲಿ ಗಂಧಕ ಹೊಡೆದು, ಹೇಳಿದಷ್ಟು ದಿನ ಕಾದು ಸೊಪ್ಪು ಕೊಯ್ಯುತ್ತಾನೆ. ಕಳೆದ ಸಂಕ್ರಮಣಕ್ಕೆ ಹೋದಾಗ ಚಂದ್ರಿಕೆಯ ತುಂಬ ಗೂಡು. ನನ್ನ ಕೈಗೆ ಎಳ್ಳು–ಬೆಲ್ಲ ಕೊಟ್ಟು, ತೋಟದಿಂದ ಒಂದು ಎಲೆಯನ್ನೂ ಕೊಟ್ಟ. ತಳದಲ್ಲಿ ಒಂದೇ ಒಂದು ಬಿಳಿ ಮಚ್ಚೆ, ಅದರಲ್ಲಿ ನಾಲ್ಕಾರು ಚುಕ್ಕಿ.

ನಾನು ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದೆ. ಏನೂ ಹೇಳದೆ ಎಲೆಯನ್ನು ವಹಿಯೊಳಗೆ ಇಟ್ಟುಕೊಂಡೆ.

“ಯಾಕ ಮಾಮಾ,” ಎಂದು ನಕ್ಕ, “ಸಹಿ ಇನ್ನೂ ತಾಳೆ ಆಗಿಲ್ಲೇನ್ರಿ?”

“ಕಾರ್ಡ್ ಗೋಕಾಕದಾಗ ಐತೋ ತಮ್ಮಾ,” ಎಂದೆ. “ನೋಡಿ ಹೇಳ್ತೀನಿ.”